ಮೌರ್ಯರ ಆಡಳಿತ, ನ್ಯಾಯ, ಸಮಾಜ: ಪದೇ ಪದೇ ಕೇಳುವ ಪ್ರಶ್ನೆಗಳು

ಮೌರ್ಯರ ಬಗ್ಗೆ ಮಾತು ಬಂದಾಗಲೆಲ್ಲ ಓದುಗರಿಂದ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಬರುತ್ತವೆ. ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ, ಮುಖಾಮುಖಿ ಮಾತಿನಲ್ಲಿ ಕೇಳಿದವನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೌಟಿಲ್ಯನ ಅರ್ಥಶಾಸ್ತ್ರ ರಾಜ್ಯ ಹೇಗಿರಬೇಕು ಎಂದು ಹೇಳುತ್ತದೆ, ಅಶೋಕನ ಶಾಸನಗಳು ರಾಜ ಏನು ಬಯಸಿದ ಎಂದು ಹೇಳುತ್ತವೆ, ಗ್ರೀಕ್ ರಾಯಭಾರಿ ಮೆಗಸ್ತನೀಸ್ ತಾನು ಕಂಡದ್ದನ್ನೂ ಕೇಳಿದ್ದನ್ನೂ ಬೆರೆಸಿ ಹೇಳುತ್ತಾನೆ. ಈ ಮೂರನ್ನೂ ಒಂದೇ ಪಾತ್ರೆಗೆ ಸುರಿದು ಕಲಕುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ. ಹಾಗಾಗಿ ಯಾವ ಮಾತು ಎಲ್ಲಿಂದ ಬಂದದ್ದು ಎಂದು ಪ್ರತಿ ಉತ್ತರದಲ್ಲೂ ಹೇಳುತ್ತಾ ಹೋಗುತ್ತೇನೆ.

## ಮೊದಲ ಪರಿಚಯ

ಮೌರ್ಯರು ಯಾವ ಕಾಲದವರು? ಎಷ್ಟು ವರ್ಷ ಆಳಿದರು?

ಕ್ರಿ.ಪೂ. 321ರ ಸುಮಾರಿಗೆ ಚಂದ್ರಗುಪ್ತ ನಂದರನ್ನು ಕೆಳಗಿಳಿಸಿ ಪಾಟಲಿಪುತ್ರದಲ್ಲಿ, ಅಂದರೆ ಇಂದಿನ ಪಟ್ನಾದಲ್ಲಿ, ಪಟ್ಟಕ್ಕೆ ಬಂದ. ಅವನ ಮಗ ಬಿಂದುಸಾರ, ಮೊಮ್ಮಗ ಅಶೋಕ. ಅಶೋಕನ ಆಳ್ವಿಕೆ ಸುಮಾರು ಕ್ರಿ.ಪೂ. 268ರಿಂದ 232ರವರೆಗೆ. ಕೊನೆಯ ಅರಸ ಬೃಹದ್ರಥ ಸತ್ತದ್ದು ಕ್ರಿ.ಪೂ. 185ರ ಆಸುಪಾಸು. ಒಟ್ಟು ಸುಮಾರು 135 ವರ್ಷ. ನಮಗೆ ತಿಳಿದಿರುವ ಹೆಚ್ಚಿನ ಸಂಗತಿಗಳು ಇದರಲ್ಲಿ ಮೊದಲ 90 ವರ್ಷಗಳಿಗೆ ಸೇರಿದವು.

ಇದೆಲ್ಲ ನಮಗೆ ಹೇಗೆ ಗೊತ್ತು? ಆ ಕಾಲದ ಕಡತಗಳು ಉಳಿದಿವೆಯೇ?

ಕಡತಗಳು ಉಳಿದಿಲ್ಲ. ಬಂಡೆ ಮತ್ತು ಕಂಬಗಳ ಮೇಲೆ ಕೆತ್ತಿದ ಅಶೋಕನ ಶಾಸನಗಳೇ ನೇರವಾದ ಸಾಕ್ಷ್ಯ. ಹೆಚ್ಚಿನವು ಪ್ರಾಕೃತದಲ್ಲಿ, ಬ್ರಾಹ್ಮೀ ಲಿಪಿಯಲ್ಲಿವೆ. ವಾಯವ್ಯದಲ್ಲಿ ಖರೋಷ್ಠೀ ಲಿಪಿ ಬರುತ್ತದೆ, ಕಂದಹಾರದಲ್ಲಿ ಗ್ರೀಕ್ ಮತ್ತು ಅರಾಮಿಕ್ ಕೂಡ ಇವೆ.

ಮೆಗಸ್ತನೀಸನ ಮೂಲಗ್ರಂಥ ಕಳೆದುಹೋಗಿದೆ. ಸ್ಟ್ರಾಬೊ, ಅರಿಯನ್ ಮುಂತಾದ ಅನಂತರದ ಗ್ರೀಕ್ ಲೇಖಕರು ಅದರಿಂದ ಎತ್ತಿಕೊಂಡ ಭಾಗಗಳಷ್ಟೇ ಸಿಗುತ್ತವೆ. ಅವನ ಪ್ರಕಾರ ಪಾಟಲಿಪುತ್ರದ ಮರದ ಕೋಟೆಗೆ 64 ಬಾಗಿಲು, 570 ಬುರುಜುಗಳಿದ್ದವು. ಎಣಿಕೆಯನ್ನು ಪರೀಕ್ಷಿಸುವ ದಾರಿಯಿಲ್ಲ, ಆದರೆ ಪಟ್ನಾದ ಬುಲಂದಿಬಾಗ್ ಉತ್ಖನನದಲ್ಲಿ ಮರದ ಕೋಟೆಯ ದಿಮ್ಮಿಗಳು ನಿಜವಾಗಿಯೂ ಸಿಕ್ಕಿವೆ. ಅದೇ ಮೆಗಸ್ತನೀಸ್ ಚಿನ್ನ ಅಗೆಯುವ ಇರುವೆಗಳ ಕಥೆಯನ್ನೂ ಹೇಳಿದ್ದಾನೆ ಎಂಬುದನ್ನು ಮರೆಯಬಾರದು.

ಅರ್ಥಶಾಸ್ತ್ರದ ಹಸ್ತಪ್ರತಿ ಮೈಸೂರಿನಲ್ಲಿ ಸಿಕ್ಕಿತಂತೆ, ನಿಜವೇ?

ನಿಜ. ಗ್ರಂಥದ ಹೆಸರು, ಚದುರಿದ ಉಲ್ಲೇಖಗಳು ವಿದ್ವಾಂಸರಿಗೆ ಪರಿಚಿತವಿದ್ದರೂ ಪೂರ್ಣ ಪಾಠ ಕೈಗೆ ಸಿಕ್ಕಿರಲಿಲ್ಲ. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಮೈಸೂರಿನ ಸರ್ಕಾರಿ ಓರಿಯಂಟಲ್ ಲೈಬ್ರರಿಗೆ ಒಪ್ಪಿಸಿದ ಗ್ರಂಥ ಲಿಪಿಯ ತಾಳೆಗರಿಯಲ್ಲಿ ಅದನ್ನು ಗುರುತಿಸಿದವರು ಅಲ್ಲಿನ ಆರ್. ಶಾಮಶಾಸ್ತ್ರಿ. 1905ರಲ್ಲಿ ಇದು ಬೆಳಕಿಗೆ ಬಂತು, 1909ರಲ್ಲಿ ಸಂಸ್ಕೃತ ಪಾಠ ಅಚ್ಚಾಯಿತು, 1915ರಲ್ಲಿ ಅವರದೇ ಇಂಗ್ಲಿಷ್ ಅನುವಾದ ಬಂತು. ಪ್ರಾಚೀನ ಭಾರತಕ್ಕೆ ರಾಜ್ಯಶಾಸ್ತ್ರವೇ ಇರಲಿಲ್ಲ ಎನ್ನುತ್ತಿದ್ದವರ ಬಾಯಿ ಕಟ್ಟಿದ ಪುಸ್ತಕವದು.

ಕರ್ನಾಟಕ ನಿಜವಾಗಿ ಮೌರ್ಯರ ಕೈಕೆಳಗೆ ಇತ್ತೇ?

ಉತ್ತರ ಮತ್ತು ಪೂರ್ವ ಭಾಗಗಳು ಇದ್ದವು. ಮಸ್ಕಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಕಲಬುರಗಿ ಜಿಲ್ಲೆಯ ಸನ್ನತಿ: ಅಶೋಕನ ಶಾಸನಗಳಿರುವುದು ಇಲ್ಲಿ. ಚೋಳ, ಪಾಂಡ್ಯ, ಸತಿಯಪುತ್ರ, ಕೇರಳಪುತ್ರರನ್ನು ಗಡಿಯಾಚೆಯವರೆಂದು ಅಶೋಕನೇ ಹೇಳುವುದರಿಂದ ದಕ್ಷಿಣದ ಎಲ್ಲೆಯೂ ಅಂದಾಜಾಗುತ್ತದೆ. ಮಸ್ಕಿಯ ಶಾಸನವನ್ನು 1915ರಲ್ಲಿ ಕಂಡವರು ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್. ಚಿನ್ನದ ಗಣಿಯಿರುವ ಹಟ್ಟಿ ಅಲ್ಲಿಂದ ದೂರವಿಲ್ಲ. ಮೌರ್ಯರನ್ನೂ ಈ ಸೀಮೆಗೆ ಎಳೆದು ತಂದದ್ದು ಚಿನ್ನವೇ ಎಂಬ ಊಹೆ ನನಗೆ ಒಪ್ಪಿಗೆಯಾಗುತ್ತದೆ.

ಆಡಳಿತದ ದೃಷ್ಟಿಯಿಂದ ಇವುಗಳಲ್ಲಿ ಬ್ರಹ್ಮಗಿರಿಯದೇ ಹೆಚ್ಚು ಸ್ವಾರಸ್ಯಕರ. ರಾಜನ ಮಾತಿಗೆ ಮೊದಲು ಅಲ್ಲೊಂದು ಸಾಲು ಬರುತ್ತದೆ: ಸುವರ್ಣಗಿರಿಯಿಂದ ಆರ್ಯಪುತ್ರನ (ರಾಜಕುಮಾರನ) ಹಾಗೂ ಮಹಾಮಾತ್ರರ (ಹಿರಿಯ ಅಧಿಕಾರಿಗಳ) ಹೆಸರಿನಲ್ಲಿ ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಬೇಕು. ಅನಂತರ 'ದೇವಾನಾಂಪ್ರಿಯ ಹೀಗೆ ಆಜ್ಞಾಪಿಸುತ್ತಾನೆ' ಎಂದು, ಅಶೋಕನ ಬಿರುದಿನೊಂದಿಗೆ, ಸಂದೇಶ ಶುರುವಾಗುತ್ತದೆ. ಮೇಲಿನ ಕಚೇರಿ ಕೆಳಗಿನ ಕಚೇರಿಗೆ ಬರೆದ ಒಕ್ಕಣೆಯನ್ನೂ ಬಿಡದೆ ಬಂಡೆಗೆ ಇಳಿಸಿದ್ದಾರೆ! ಗುಮಾಸ್ತನ ಆ ಅತಿನಿಷ್ಠೆಗೆ ನಾವು ಋಣಿಗಳು. ಆಜ್ಞೆ ಪಾಟಲಿಪುತ್ರದಿಂದ ಪ್ರಾಂತದ ರಾಜಧಾನಿಗೆ, ಅಲ್ಲಿಂದ ಜಿಲ್ಲಾ ಮಟ್ಟದ ಇಸಿಲಕ್ಕೆ ಇಳಿಯುತ್ತಿದ್ದ ಸರಪಳಿ ಇಲ್ಲಿ ಕಣ್ಣಿಗೇ ಕಾಣುತ್ತದೆ. ಬರೆದವನ ಹೆಸರು ಚಪಡ. 'ಲಿಪಿಕಾರನಿಂದ' ಎಂಬ ಪದವನ್ನು ಮಾತ್ರ ಅವನು ಖರೋಷ್ಠಿಯಲ್ಲಿ ಬರೆದಿದ್ದಾನೆ. ಗಾಂಧಾರದ ಕಡೆಯ ಆ ಲಿಪಿ ಮೊಳಕಾಲ್ಮೂರಿನ ಬಂಡೆಯ ಮೇಲೆ ಕಾಣಿಸಿಕೊಂಡಿದೆ ಎಂದರೆ, ಬರಹ ಬಲ್ಲ ನೌಕರರು ಸಾಮ್ರಾಜ್ಯದ ಉದ್ದಗಲಕ್ಕೂ ಓಡಾಡುತ್ತಿದ್ದರು ಎಂದಾಯಿತು.

ಚಂದ್ರಗುಪ್ತ ಶ್ರವಣಬೆಳಗೊಳಕ್ಕೆ ಬಂದು ದೇಹತ್ಯಾಗ ಮಾಡಿದ್ದು ಇತಿಹಾಸವೇ?

ಅದು ಜೈನ ಪರಂಪರೆಯ ಗಟ್ಟಿಯಾದ ನಂಬಿಕೆ. ಚಂದ್ರಗಿರಿಯ ಮೇಲಿನ ಸುಮಾರು ಕ್ರಿ.ಶ. 600ರ ಶಾಸನ ಉತ್ತರದ ಕ್ಷಾಮ, ಭದ್ರಬಾಹು, ಜೈನ ಸಂಘ ದಕ್ಷಿಣಕ್ಕೆ ಬಂದದ್ದು ಇವನ್ನು ಹೇಳುತ್ತದೆ. ಆದರೆ ಅಲ್ಲಿ ಸನ್ಯಸನ (ಉಪವಾಸವಿದ್ದು ದೇಹತ್ಯಾಗ) ಮಾಡಿದವನ ಹೆಸರು ಪ್ರಭಾಚಂದ್ರ. ಅವನೇ ಚಂದ್ರಗುಪ್ತ ಎನ್ನುವುದು ಪರಂಪರೆ. ಘಟನೆಗೂ ಶಾಸನಕ್ಕೂ ನಡುವೆ ಸುಮಾರು 900 ವರ್ಷಗಳ ಅಂತರವಿದೆ.

## ಆಡಳಿತದ ಒಳಹೊಕ್ಕು

ರಾಜನೊಬ್ಬನೇ ಎಲ್ಲವನ್ನೂ ನಿರ್ಧರಿಸುತ್ತಿದ್ದನೇ?

ಅರ್ಥಶಾಸ್ತ್ರದ ಪ್ರಕಾರ ರಾಜ್ಯಕ್ಕೆ ಏಳು ಅಂಗಗಳು: ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ. ರಾಜ ಅವುಗಳಲ್ಲಿ ಒಬ್ಬ, ಮೊದಲನೆಯವನು. ಅವನ ದಿನಚರಿಯನ್ನು ಕೌಟಿಲ್ಯ ಹಗಲಿಗೆ ಎಂಟು, ರಾತ್ರಿಗೆ ಎಂಟು ಪಾಲಾಗಿ ಹಂಚುತ್ತಾನೆ. ಒಂದು ಪಾಲು ಸುಮಾರು ಒಂದೂವರೆ ಗಂಟೆ. ನಿದ್ದೆಗೆ ಸಿಗುವುದು ಎರಡೇ ಪಾಲು. ಇಂಥ ರಾಜ ಎಂದಾದರೂ ಇದ್ದನೇ ಎಂದು ಅನುಮಾನ ಬರುವುದು ಸಹಜ.

ಆದರೆ ಅಶೋಕ ಆರನೆಯ ಬಂಡೆಶಾಸನದಲ್ಲಿ ಹೇಳುವುದನ್ನು ಓದಿ: ತಾನು ಊಟ ಮಾಡುತ್ತಿರಲಿ, ಅಂತಃಪುರದಲ್ಲಿರಲಿ, ಮಲಗುವ ಕೋಣೆಯಲ್ಲಿರಲಿ, ಉದ್ಯಾನದಲ್ಲಿರಲಿ, ವರದಿಗಾರರು ಜನರ ಕೆಲಸವನ್ನು ತನ್ನ ಗಮನಕ್ಕೆ ತರಬೇಕು. ತನ್ನ ಬಾಯಿಮಾತಿನ ಆಜ್ಞೆಯ ಬಗ್ಗೆ ಪರಿಷತ್ತಿನಲ್ಲಿ ವಾದವೋ ಮರುಪರಿಶೀಲನೆಯೋ ನಡೆದರೆ ಅದನ್ನೂ ಕೂಡಲೇ ತಿಳಿಸಬೇಕು. ಅಂದರೆ ರಾಜನ ಮಾತನ್ನೂ ಚರ್ಚೆಗೆ ಎಳೆಯುವ ಪರಿಷತ್ತು ಅಲ್ಲಿತ್ತು.

ದೂರದ ಪ್ರಾಂತಗಳನ್ನು ಯಾರು ನೋಡಿಕೊಳ್ಳುತ್ತಿದ್ದರು?

ತಕ್ಷಶಿಲೆ, ಉಜ್ಜಯಿನಿ, ಕಳಿಂಗದ ತೋಸಲಿ, ದಕ್ಷಿಣದ ಸುವರ್ಣಗಿರಿ ಇವು ಶಾಸನಗಳಲ್ಲಿ ಕಾಣುವ ಪ್ರಾಂತ ಕೇಂದ್ರಗಳು. ಅಲ್ಲಿ ರಾಜಕುಮಾರರಿದ್ದರು, ಜೊತೆಗೆ ಮಹಾಮಾತ್ರರೂ ಇದ್ದರು. ಹಾಗೆಂದು ಎಲ್ಲ ಕಡೆ ಅರಮನೆಯವರೇ ಆಳುತ್ತಿದ್ದರು ಎಂದಲ್ಲ. ಗುಜರಾತಿನ ಜುನಾಗಢದಲ್ಲಿ ಕ್ರಿ.ಶ. 150ರ ರುದ್ರದಾಮನನ ಶಾಸನ ಸುದರ್ಶನ ಎಂಬ ಕೆರೆಯ ಚರಿತ್ರೆ ಹೇಳುತ್ತದೆ. ಅದನ್ನು ಕಟ್ಟಿಸಿದವನು ಚಂದ್ರಗುಪ್ತನ ಅಧಿಕಾರಿ, ವೈಶ್ಯ ಪುಷ್ಯಗುಪ್ತ. ಅಶೋಕನ ಪರವಾಗಿ ಅದಕ್ಕೆ ಕಾಲುವೆ ಜೋಡಿಸಿದವನು ಯವನರಾಜ ತುಷಾಸ್ಫ. ಅವನ ಹೆಸರು ಇರಾನಿ ಛಾಯೆಯದು. ಸ್ಥಳೀಯ ಪ್ರಭಾವವಿದ್ದವರನ್ನು ಎಲ್ಲಿಂದ ಬಂದವರೆಂದು ನೋಡದೆ ಬಳಸಿಕೊಂಡಂತೆ ಕಾಣುತ್ತದೆ.

ಹಳ್ಳಿಯ ರೈತನಿಗೆ ಸರ್ಕಾರ ಎಂದರೆ ಯಾರು?

ಶಾಸನಗಳ ಪ್ರಕಾರ ರಜ್ಜುಕ. ಲಕ್ಷಾಂತರ ಜನರ ಮೇಲೆ ನೇಮಕಗೊಂಡ ಗ್ರಾಮಾಂತರದ ದೊಡ್ಡ ಅಧಿಕಾರಿ ಅವನು. ಯುಕ್ತ, ರಜ್ಜುಕ, ಪ್ರಾದೇಶಿಕರು ಐದು ವರ್ಷಕ್ಕೊಮ್ಮೆ ಪ್ರವಾಸ ಹೊರಡಬೇಕು ಎಂದು ಮೂರನೆಯ ಬಂಡೆಶಾಸನ ಹೇಳುತ್ತದೆ. ಆಂಧ್ರದ ಎರ್ರಗುಡಿಯ ಶಾಸನ ಇನ್ನೂ ಕೆಳಗಿಳಿಯುತ್ತದೆ: ರಜ್ಜುಕನಿಗೆ ಹೇಳಬೇಕು, ಅವನು ಭೇರಿ ಬಾರಿಸಿ ಜನಪದಕ್ಕೆ ತಿಳಿಸಬೇಕು. ಓದು ಬಾರದ ನಾಡಿನಲ್ಲಿ ಶಾಸನ ಕಿವಿಗೆ ತಲುಪುತ್ತಿದ್ದ ಬಗೆ ಇದು.

ಅರ್ಥಶಾಸ್ತ್ರದಲ್ಲಿ ಇದಕ್ಕಿಂತ ಬಿಗಿಯಾದ ಬಲೆಯಿದೆ. ಐದು ಅಥವಾ ಹತ್ತು ಹಳ್ಳಿಗೊಬ್ಬ ಗೋಪ, ಜನಪದದ ಕಾಲು ಭಾಗಕ್ಕೊಬ್ಬ ಸ್ಥಾನಿಕ, ಎಲ್ಲರ ಮೇಲೆ ಕಂದಾಯದ ಮುಖ್ಯಸ್ಥ ಸಮಾಹರ್ತೃ. ಗೋಪ ಹೊಲಗಳ ಮೇರೆ, ಮನೆಗಳು, ಜನರು, ದನಕರು, ಆದಾಯ, ಖರ್ಚು ಎಲ್ಲವನ್ನೂ ಬರೆದಿಡಬೇಕು. ಹೊಸದಾಗಿ ನೆಲೆಗೊಳಿಸಿದ ಹಳ್ಳಿಗಳಲ್ಲಿ ವಿಹಾರಶಾಲೆ, ಅಂದರೆ ಮನರಂಜನೆಯ ಮಂಟಪ, ಇರಬಾರದು, ನಟರೂ ಗಾಯಕರೂ ಬಂದು ಕೆಲಸ ಕೆಡಿಸಬಾರದು ಎಂಬ ನಿಯಮವೂ ಅದರಲ್ಲಿದೆ. ರೈತ ನಾಟಕ ನೋಡುತ್ತಾ ಕುಳಿತರೆ ಬೊಕ್ಕಸ ಬರಿದಾಗುತ್ತದೆ ಎಂಬ ಭಯ. ಕೌಟಿಲ್ಯನ ಬಗ್ಗೆ ನನಗೆ ಎಷ್ಟೇ ಗೌರವವಿದ್ದರೂ ಆ ಹಳ್ಳಿಯಲ್ಲಿ ಬದುಕಲು ನಾನು ಒಪ್ಪುತ್ತಿರಲಿಲ್ಲ.

ತೆರಿಗೆ ಎಷ್ಟಿತ್ತು?

ಬೆಳೆಯಲ್ಲಿ ಆರನೆಯ ಒಂದು ಪಾಲು ಎಂಬುದು ಶಾಸ್ತ್ರದ ಸಾಮಾನ್ಯ ಲೆಕ್ಕ. ಬಂಡೆಗಲ್ಲಿನಷ್ಟು ಖಚಿತವಾದ ಒಂದೇ ಮಾಹಿತಿ ಲುಂಬಿನಿಯ ಕಂಬದ್ದು. ಪಟ್ಟಾಭಿಷೇಕವಾಗಿ ಇಪ್ಪತ್ತು ವರ್ಷಗಳ ಬಳಿಕ ಅಲ್ಲಿಗೆ ಹೋದ ಅಶೋಕ, ಬುದ್ಧ ಹುಟ್ಟಿದ ಊರೆಂದು ಬಲಿ ಎಂಬ ತೆರಿಗೆಯನ್ನು ಮನ್ನಾ ಮಾಡಿ, ಎಂಟನೆಯ ಒಂದು ಪಾಲನ್ನು ನಿಗದಿ ಮಾಡಿದ. ಬುದ್ಧನ ಊರಿಗೂ ಪೂರ್ತಿ ವಿನಾಯಿತಿ ಸಿಗಲಿಲ್ಲ ಎಂಬುದು ಗಮನಿಸಬೇಕಾದ್ದು. ಇದಲ್ಲದೆ ವ್ಯಾಪಾರಕ್ಕೆ ಶುಲ್ಕ, ಗಣಿ, ಉಪ್ಪು, ಹೆಂಡ, ರಾಜನ ಸ್ವಂತ ಹೊಲಗಳ ಉತ್ಪನ್ನ, ಆಪತ್ಕಾಲಕ್ಕೆ 'ಪ್ರಣಯ' ಎಂಬ ವಿಶೇಷ ವಸೂಲಿ ಇವೆಲ್ಲ ಅರ್ಥಶಾಸ್ತ್ರದಲ್ಲಿ ಬರುತ್ತವೆ.

ಅಧಿಕಾರಿಗಳಿಗೆ ಸಂಬಳ ಎಷ್ಟು? ಲಂಚ ಇರಲಿಲ್ಲವೇ?

ಅರ್ಥಶಾಸ್ತ್ರ ವೇತನ ಪಟ್ಟಿಯನ್ನೇ ಕೊಡುತ್ತದೆ. ಮಂತ್ರಿ, ಪುರೋಹಿತ, ಸೇನಾಪತಿ, ಯುವರಾಜರಿಗೆ 48,000 ಪಣ (ಆ ಕಾಲದ ನಾಣ್ಯ). ಸಮಾಹರ್ತೃವಿಗೂ ಖಜಾನೆಯ ಸನ್ನಿಧಾತೃವಿಗೂ 24,000. ತರಬೇತಾದ ಕಾಲಾಳಿಗೆ 500, ಲೆಕ್ಕಿಗ ಮತ್ತು ಬರಹಗಾರರಿಗೂ 500. ತೀರಾ ಕೆಳಗಿನ ಆಳಿಗೆ 60. ಮೇಲಿನವನಿಗೂ ಕೆಳಗಿನವನಿಗೂ 800 ಪಟ್ಟು ಅಂತರ. ಒಟ್ಟು ವೇತನ ಆದಾಯದ ಕಾಲು ಭಾಗ ಮೀರದಂತೆ ನೋಡಿಕೊಳ್ಳಬೇಕು ಎಂಬ ಮಾತೂ ಇದೆ.

ಲಂಚದ ವಿಷಯದಲ್ಲಿ ಕೌಟಿಲ್ಯನಿಗೆ ಯಾವ ಭ್ರಮೆಯೂ ಇಲ್ಲ. ಸರ್ಕಾರದ ಹಣ ನುಂಗುವ ನಲವತ್ತು ವಿಧಾನಗಳನ್ನು ಅವನು ಪಟ್ಟಿ ಮಾಡುತ್ತಾನೆ: ಮೊದಲು ಬಂದದ್ದನ್ನು ತಡವಾಗಿ ಬರೆಯುವುದು, ಬಂದದ್ದನ್ನು ಬರಲಿಲ್ಲವೆನ್ನುವುದು, ಒಬ್ಬ ಕೊಟ್ಟದ್ದನ್ನು ಇನ್ನೊಬ್ಬನ ಹೆಸರಿಗೆ ಹಾಕುವುದು, ತೂಕ ಅಳತೆ ಬದಲಿಸುವುದು. ನೀರಿನೊಳಗಿನ ಮೀನು ಯಾವಾಗ ನೀರು ಕುಡಿಯಿತು ಎಂದು ತಿಳಿಯಲಾಗದಂತೆ ಅಧಿಕಾರಿ ಯಾವಾಗ ಹಣ ತಿಂದ ಎಂದೂ ತಿಳಿಯಲಾಗದು ಎಂಬುದು ಅವನದೇ ಮಾತು. ಪರಿಹಾರವಾಗಿ ಅವನು ಹೇಳುವುದು ಬಿಗಿ ಲೆಕ್ಕತಪಾಸಣೆ, ಪದೇ ಪದೇ ವರ್ಗಾವಣೆ, ಸುಳಿವು ಕೊಟ್ಟವನಿಗೆ ಪಾಲು.

ನಗರಗಳ ಆಡಳಿತ ಹೇಗಿತ್ತು?

ಪಾಟಲಿಪುತ್ರಕ್ಕೆ ಐದೈದು ಜನರ ಆರು ಮಂಡಳಿಗಳಿದ್ದವು ಎಂದು ಮೆಗಸ್ತನೀಸ್ ಹೇಳುತ್ತಾನೆ. ಕುಶಲಕೆಲಸ, ವಿದೇಶಿಯರ ಯೋಗಕ್ಷೇಮ, ಜನನ ಮರಣದ ದಾಖಲೆ, ವ್ಯಾಪಾರ ಮತ್ತು ತೂಕ, ತಯಾರಾದ ಸರಕು, ಮಾರಾಟದ ಮೇಲಿನ ಹತ್ತನೆಯ ಒಂದು ಪಾಲಿನ ವಸೂಲಿ: ಇವು ಅವುಗಳ ಕೆಲಸ. ಅರ್ಥಶಾಸ್ತ್ರದಲ್ಲಿ ಈ ಮಂಡಳಿಗಳ ಸುಳಿವೇ ಇಲ್ಲ, ನಗರಕ್ಕೆ ನಾಗರಕ ಎಂಬ ಒಬ್ಬ ಅಧಿಕಾರಿ.

ಗೂಢಚಾರರು ಎಲ್ಲೆಲ್ಲೂ ಇದ್ದರು ಎನ್ನುವುದು ಉತ್ಪ್ರೇಕ್ಷೆಯೇ?

ಗ್ರಂಥದಲ್ಲಂತೂ ಎಲ್ಲೆಲ್ಲೂ ಇದ್ದಾರೆ. ಕಪಟ ವಿದ್ಯಾರ್ಥಿ, ಸನ್ಯಾಸ ಬಿಟ್ಟವನು, ಗೃಹಸ್ಥ, ವರ್ತಕ, ತಪಸ್ವಿ ವೇಷದವರು ಒಂದೆಡೆ ನೆಲೆನಿಂತು ಕೆಲಸ ಮಾಡುವವರು. ಭಿಕ್ಷುಕಿ, ವಿಷ ಹಾಕುವವನು, ಕೊಲೆಗೆ ಹೇಸದವನು ಇವರು ಓಡಾಡುವವರು. ಒಬ್ಬರನ್ನೊಬ್ಬರು ಅರಿಯದ ಮೂವರ ವರದಿ ಒಂದೇ ಆದರೆ ಮಾತ್ರ ನಂಬಬೇಕು ಎಂಬ ವಿವೇಕವೂ ಇದೆ. ಮೆಗಸ್ತನೀಸ್ ಕೂಡ ರಾಜನಿಗೆ ಗುಟ್ಟಾಗಿ ವರದಿ ಒಪ್ಪಿಸುವ ಮೇಲ್ವಿಚಾರಕರನ್ನು ಸಮಾಜದ ಏಳು ವರ್ಗಗಳಲ್ಲಿ ಒಂದೆಂದು ಎಣಿಸುವುದರಿಂದ ಇದು ಬರೀ ಕಲ್ಪನೆಯಲ್ಲ.

## ನ್ಯಾಯ ಮತ್ತು ದಂಡನೆ

ನ್ಯಾಯಾಲಯಗಳಿದ್ದವೇ? ಯಾವ ಕಾನೂನಿನ ಮೇಲೆ ತೀರ್ಪು ಕೊಡುತ್ತಿದ್ದರು?

ಅರ್ಥಶಾಸ್ತ್ರ ಎರಡು ಬಗೆಯ ನ್ಯಾಯಸ್ಥಾನಗಳನ್ನು ಹೇಳುತ್ತದೆ. ಸಾಲ, ಆಸ್ತಿ, ಮದುವೆ, ಕೂಲಿ, ಗಡಿ ವ್ಯಾಜ್ಯಗಳಿಗೆ ಧರ್ಮಸ್ಥೀಯ, ಅಲ್ಲಿ ಮೂವರು ಧರ್ಮಸ್ಥರು. ಕಳ್ಳತನ, ಕೊಲೆ, ಕಲಬೆರಕೆ, ಅಧಿಕಾರಿಗಳ ದುರ್ನಡತೆಗೆ ಕಂಟಕಶೋಧನ, ಅಲ್ಲಿ ಮೂವರು ಪ್ರದೇಷ್ಟೃಗಳು. ಕಾನೂನಿಗೆ ನಾಲ್ಕು ಕಾಲುಗಳು: ಧರ್ಮ, ವ್ಯವಹಾರ, ಚರಿತ್ರ, ರಾಜಶಾಸನ. ಚರಿತ್ರ ಎಂದರೆ ಆಯಾ ಊರು, ಜಾತಿ, ಶ್ರೇಣಿಗಳ ರೂಢಿ. ಈ ಚರಿತ್ರವನ್ನು ಕಡೆಗಣಿಸಬೇಡಿ. ಕುಶಲಕರ್ಮಿಗಳ, ವರ್ತಕರ ಶ್ರೇಣಿಗಳಲ್ಲಿ ಅವರದೇ ಕಟ್ಟಳೆ ನಡೆಯುತ್ತಿತ್ತು.

ಅಧಿಕಾರಿಗಳು ಸುಮ್ಮನೆ ಜೈಲಿಗೆ ಹಾಕಿದರೆ ಜನ ಏನು ಮಾಡುತ್ತಿದ್ದರು?

ಈ ಪ್ರಶ್ನೆಯನ್ನು ಅಶೋಕನೇ ಎತ್ತಿದ್ದಾನೆ. ಒಡಿಶಾದ ಧೌಲಿಯ ಪ್ರತ್ಯೇಕ ಶಾಸನ ತೋಸಲಿಯ ನಗರ ನ್ಯಾಯಾಧಿಕಾರಿಗಳಿಗೆ ಬರೆದದ್ದು. 'ಎಲ್ಲ ಮನುಷ್ಯರೂ ನನ್ನ ಮಕ್ಕಳು' ಎಂಬ ಪ್ರಸಿದ್ಧ ಮಾತು ಇರುವುದು ಇದರಲ್ಲೇ. ಅದರ ಮುಂದಿನ ಭಾಗವನ್ನು ಉದ್ಧರಿಸುವವರು ಕಡಿಮೆ. ಒಬ್ಬನಿಗೆ ಕಾರಣವಿಲ್ಲದೆ ಸೆರೆವಾಸವೋ ಹಿಂಸೆಯೋ ಆಗುತ್ತದೆ, ಅದರಿಂದ ಇನ್ನೂ ಅನೇಕರು ನೋಯುತ್ತಾರೆ ಎನ್ನುತ್ತಾನೆ ರಾಜ. ಹೀಗಾಗುವುದು ಅಧಿಕಾರಿಯ ಅಸೂಯೆ, ಕೋಪ, ಕ್ರೌರ್ಯ, ಆತುರ, ಅಭ್ಯಾಸದ ಕೊರತೆ, ಸೋಮಾರಿತನ, ದಣಿವಿನಿಂದ ಎಂದು ಒಂದೊಂದಾಗಿ ಹೆಸರಿಸುತ್ತಾನೆ. ದಣಿವನ್ನೂ ಅನ್ಯಾಯದ ಮೂಲವೆಂದು ಗುರುತಿಸಿದ ದೊರೆ ಎಷ್ಟು ಜನ? ಇದನ್ನು ಪ್ರತಿ ತಿಷ್ಯ (ಪುಷ್ಯ) ನಕ್ಷತ್ರದ ದಿನ ಓದಿ ಹೇಳಬೇಕು, ನಡುವೆ ಒಬ್ಬನೇ ಇದ್ದರೂ ಕೇಳಿಸಬಹುದು. ತಪಾಸಣೆಗೆಂದು ಐದು ವರ್ಷಕ್ಕೊಮ್ಮೆ ಮಹಾಮಾತ್ರನನ್ನು ಕಳಿಸುತ್ತೇನೆ, ಉಜ್ಜಯಿನಿ ಮತ್ತು ತಕ್ಷಶಿಲೆಯ ಕುಮಾರರು ಮೂರು ವರ್ಷ ಮೀರದಂತೆ ಕಳಿಸಬೇಕು ಎಂದೂ ಬರೆದಿದ್ದಾನೆ.

ಈ ಪ್ರತ್ಯೇಕ ಶಾಸನಗಳು ಕಳಿಂಗಕ್ಕೆ ಮಾತ್ರ ಎಂದು ಬಹುಕಾಲ ಭಾವಿಸಲಾಗಿತ್ತು. 1980ರ ದಶಕದಲ್ಲಿ ಸನ್ನತಿಯ ಚಂದ್ರಲಾಂಬಾ ದೇವಾಲಯದಲ್ಲಿ ಅವುಗಳ ಪಾಠವಿರುವ ಕಲ್ಲು ಸಿಕ್ಕಿದ ಮೇಲೆ ಆ ಎಣಿಕೆ ತಲೆಕೆಳಗಾಯಿತು.

ಅಶೋಕ ಮರಣದಂಡನೆಯನ್ನು ರದ್ದು ಮಾಡಿದ್ದನಲ್ಲವೇ?

ಇಲ್ಲ. ನಾಲ್ಕನೆಯ ಸ್ತಂಭಶಾಸನದಲ್ಲಿ ಮರಣದಂಡನೆಗೆ ಗುರಿಯಾದವರಿಗೆ ಮೂರು ದಿನಗಳ ಅವಧಿ ಕೊಟ್ಟಿದ್ದಾನೆ. ಬಂಧುಗಳು ಆ ಅವಧಿಯಲ್ಲಿ ಜೀವ ಉಳಿಸಲು ಬೇಡಿಕೊಳ್ಳಬಹುದು, ಇಲ್ಲವಾದರೆ ಸಾಯುವವನು ಪರಲೋಕಕ್ಕಾಗಿ ದಾನ, ಉಪವಾಸ ಮಾಡಬಹುದು. ಪಟ್ಟಕ್ಕೆ ಬಂದು 26 ವರ್ಷಗಳಾಗುವಷ್ಟರಲ್ಲಿ 25 ಬಾರಿ ಕೈದಿಗಳನ್ನು ಬಿಡುಗಡೆ ಮಾಡಿದ್ದೇನೆ ಎಂದು ಐದನೆಯ ಸ್ತಂಭಶಾಸನ ಹೇಳುತ್ತದೆ. ಗಲ್ಲು ಮಾತ್ರ ಉಳಿಯಿತು.

ಕಾನೂನು ಎಲ್ಲರಿಗೂ ಒಂದೇ ಆಗಿತ್ತೇ?

ಅರ್ಥಶಾಸ್ತ್ರದಲ್ಲಿ ಖಂಡಿತ ಇಲ್ಲ. ದಂಡದ ಮೊತ್ತ ವರ್ಣ ನೋಡಿ ಏರಿಳಿಯುತ್ತದೆ. ಬ್ರಾಹ್ಮಣ ಅಪರಾಧಿಗೆ ಚಿತ್ರಹಿಂಸೆ ಇಲ್ಲ, ಬದಲಿಗೆ ಹಣೆಗೆ ಬರೆ: ಕದ್ದರೆ ನಾಯಿಯ ಗುರುತು, ಕೊಂದರೆ ತಲೆಯಿಲ್ಲದ ಮುಂಡ, ಹೆಂಡ ಕುಡಿದರೆ ಹೆಂಡದಂಗಡಿಯ ಬಾವುಟ. ಆಮೇಲೆ ಗಡೀಪಾರು ಅಥವಾ ಗಣಿ.

ಅಶೋಕ ರಜ್ಜುಕರಿಗೆ ವ್ಯವಹಾರದಲ್ಲೂ ದಂಡದಲ್ಲೂ ಸಮತೆ ಇರಬೇಕು ಎಂದು ಬರೆದ. ವರ್ಣಭೇದವನ್ನು ಅಳಿಸಿದ ಕ್ರಾಂತಿ ಇದು ಎಂದು ಕೆಲವರು, ಊರಿಂದೂರಿಗೆ ತೀರ್ಪು ಬದಲಾಗಬಾರದು ಎಂಬಷ್ಟೇ ಆಶಯ ಎಂದು ಕೆಲವರು ಓದುತ್ತಾರೆ. ಅದೇ ವಾಕ್ಯದಲ್ಲಿ ರಜ್ಜುಕರಿಗೆ ಸ್ವತಂತ್ರ ಅಧಿಕಾರ ಕೊಡುವ ಮಾತಿದೆ. ಸ್ವತಂತ್ರ ಅಧಿಕಾರಿಗಳ ತೀರ್ಪು ದಿಕ್ಕಿಗೊಂದಾಗುವ ಅಪಾಯವಿರುವುದರಿಂದ ಎರಡನೆಯ ಓದೇ ಸರಿ ಎಂದು ನನ್ನ ಅಭಿಪ್ರಾಯ.

## ಸಮಾಜ

ಭಾರತದಲ್ಲಿ ಗುಲಾಮರೇ ಇರಲಿಲ್ಲ ಎಂದು ಮೆಗಸ್ತನೀಸ್ ಬರೆದಿದ್ದಾನಲ್ಲ?

ಬರೆದಿದ್ದಾನೆ, ಆದರೆ ಅದು ತಪ್ಪು. ಅಶೋಕನೇ ದಾಸರನ್ನೂ ಆಳುಗಳನ್ನೂ ಚೆನ್ನಾಗಿ ನಡೆಸಿಕೊಳ್ಳಬೇಕೆಂದು ಮತ್ತೆ ಮತ್ತೆ ಹೇಳುತ್ತಾನೆ. ಇಲ್ಲದವರನ್ನು ನಡೆಸಿಕೊಳ್ಳುವುದು ಹೇಗೆ? ಅರ್ಥಶಾಸ್ತ್ರದಲ್ಲಿ ದಾಸರ ಬಗ್ಗೆ ಒಂದು ಅಧ್ಯಾಯವೇ ಇದೆ. ಸ್ವತಂತ್ರ ಅಪ್ರಾಪ್ತನನ್ನು ಬಂಧುವೇ ಮಾರಿದರೆ ಶೂದ್ರನಾಗಿದ್ದಲ್ಲಿ 12 ಪಣ, ವೈಶ್ಯನಿಗೆ 24, ಕ್ಷತ್ರಿಯನಿಗೆ 36, ಬ್ರಾಹ್ಮಣನಿಗೆ 48 ಪಣ ದಂಡ. ಯಜಮಾನನಿಂದ ಮಗು ಹೆತ್ತ ದಾಸಿಗೆ ಮಗುವಿನೊಡನೆ ಬಿಡುಗಡೆ. ಗ್ರೀಸಿನಲ್ಲಿ ಕಂಡಂಥ ಗುಲಾಮಗಿರಿ ಇಲ್ಲಿ ಕಾಣದೆ ಮೆಗಸ್ತನೀಸ್ ಇಲ್ಲವೆಂದಿರಬಹುದು.

ಹೆಂಗಸರಿಗೆ ಏನಾದರೂ ಹಕ್ಕುಗಳಿದ್ದವೇ?

ಸ್ತ್ರೀಧನದ ಮೇಲೆ ಹಕ್ಕಿತ್ತು, ವಿಧವೆಗೆ ಮರುಮದುವೆಗೆ ಅವಕಾಶವಿತ್ತು, ಪರಸ್ಪರ ದ್ವೇಷ ಹುಟ್ಟಿದರೆ ಗಂಡ ಹೆಂಡಿರು ಬೇರಾಗಬಹುದಿತ್ತು. ಆದರೆ ಧರ್ಮವಿವಾಹಗಳಿಗೆ, ಅಂದರೆ ಶಾಸ್ತ್ರಸಮ್ಮತ ಬಗೆಯ ಮದುವೆಗಳಿಗೆ, ಈ ಬಿಡುಗಡೆ ಇಲ್ಲ. ಇವೆಲ್ಲ ಅರ್ಥಶಾಸ್ತ್ರದ ಮಾತು. ಹೆಂಡತಿ ಮಕ್ಕಳಿಗೆ ಗತಿ ಕಾಣಿಸದೆ ಸನ್ಯಾಸಿಯಾದವನಿಗೆ ಅದರಲ್ಲಿ ದಂಡವಿದೆ.

ನೂಲಿನ ಅಧ್ಯಕ್ಷನ ಬಗ್ಗೆ ಬರುವ ನಿಯಮ ನನಗೆ ತುಂಬಾ ಇಷ್ಟ. ವಿಧವೆಯರು, ಅಂಗವಿಕಲರು, ಹೊರಗೆ ಬಾರದ ಹೆಂಗಸರಿಗೆ ನೂಲುವ ಕೆಲಸ ಕೊಡಬೇಕು. ನಸುಕಿನಲ್ಲಿ ನೂಲು ತಂದವಳೊಡನೆ ವಸ್ತು ಮತ್ತು ಕೂಲಿಯ ವಿನಿಮಯ ಮಾತ್ರ, ದೀಪ ಇರಬೇಕಾದ್ದು ನೂಲು ಪರೀಕ್ಷಿಸಲಷ್ಟೇ. ಅವಳ ಮುಖ ನೋಡಿದರೆ ಅಥವಾ ಬೇರೆ ಮಾತು ತೆಗೆದರೆ ಅಧಿಕಾರಿಗೆ ದಂಡ. ಕೂಲಿ ತಡಮಾಡಿದರೆ ಅದಕ್ಕಿಂತ ಹೆಚ್ಚಿನ ದಂಡ.

## ವಿದ್ವಾಂಸರೂ ಜಗಳವಾಡುವ ಪ್ರಶ್ನೆಗಳು

ಅರ್ಥಶಾಸ್ತ್ರ ಬರೆದವನು ಚಂದ್ರಗುಪ್ತನ ಮಂತ್ರಿ ಚಾಣಕ್ಯನೇ? ಅಲ್ಲದಿದ್ದರೆ ಅದನ್ನು ಮೌರ್ಯರಿಗೆ ಅನ್ವಯಿಸುವುದು ಸರಿಯೇ?

ಗ್ರಂಥದಲ್ಲಿ ಪಾಟಲಿಪುತ್ರದ ಹೆಸರಿಲ್ಲ, ಮೌರ್ಯ ಎಂಬ ಪದವಿಲ್ಲ. ಅದು ಚಿತ್ರಿಸುವುದು ನೆರೆಹೊರೆಯ ಶತ್ರುಗಳ ನಡುವಿನ ಮಧ್ಯಮ ಗಾತ್ರದ ರಾಜ್ಯವನ್ನು. ಥಾಮಸ್ ಟ್ರೌಟ್‌ಮನ್ 1971ರಲ್ಲಿ ಪದಬಳಕೆಯ ಅಂಕಿಅಂಶ ನೋಡಿ ಇದು ಒಬ್ಬನ ಬರಹವಲ್ಲ ಎಂದು ವಾದಿಸಿದರು. ಕ್ರಿಸ್ತಶಕದ ಆರಂಭದ ಆಚೀಚೆ ಇಂದಿನ ರೂಪ ಪಡೆಯಿತು ಎನ್ನುವವರು ಇಂದು ಹೆಚ್ಚು. ಆದ್ದರಿಂದ ಅದನ್ನು ಮೌರ್ಯರ ಸರ್ಕಾರಿ ಕೈಪಿಡಿಯಂತೆ ಓದಬಾರದು. ಶಾಸನದ ಸಾಕ್ಷ್ಯ ಪಕ್ಕಕ್ಕಿದ್ದಾಗ ಅದರ ಮಾತಿಗೆ ತೂಕ ಬರುತ್ತದೆ.

ಇಡೀ ಸಾಮ್ರಾಜ್ಯ ಒಂದೇ ಬಿಗಿಯಲ್ಲಿತ್ತೇ?

ಹಿಂದೆ ಹಾಗೆಂದೇ ಕಲಿಸುತ್ತಿದ್ದರು. ರೋಮಿಲಾ ಥಾಪರ್ ಮೊದಲು ಕೇಂದ್ರೀಕೃತ ಆಡಳಿತವನ್ನೇ ಒತ್ತಿಹೇಳಿದ್ದರು, ಅನಂತರ ಮಗಧದ ಕೇಂದ್ರ, ತಿರುಳು ಪ್ರದೇಶಗಳು, ಅಂಚಿನ ಪ್ರದೇಶಗಳು ಎಂದು ಬಿಡಿಸಿ ನೋಡಿದರು. ನಕ್ಷೆಯಲ್ಲಿ ಒಂದೇ ಬಣ್ಣ ಬಳಿಯುವುದು ಸುಲಭ. ಶಾಸನಗಳನ್ನು ಗುರುತು ಹಾಕಿದರೆ ಅವು ಹಾದಿಗಳ ಉದ್ದಕ್ಕೂ, ಗಣಿಗಳ ಬಳಿ, ನಗರಗಳ ಸುತ್ತ ಗುಂಪಾಗುತ್ತವೆ, ನಡುವೆ ದೊಡ್ಡ ಖಾಲಿಗಳಿವೆ. ಕಾಡಿನ ಜನರಿಗೆ ಹದಿಮೂರನೆಯ ಬಂಡೆಶಾಸನ ಕೊಡುವ ಎಚ್ಚರಿಕೆಯೂ ಅವರು ಪೂರ್ತಿ ಹಿಡಿತದಲ್ಲಿರಲಿಲ್ಲ ಎಂಬುದನ್ನೇ ಹೇಳುತ್ತದೆ.

ಅಶೋಕನ ಅಹಿಂಸೆಯಿಂದಲೇ ಸಾಮ್ರಾಜ್ಯ ಕುಸಿಯಿತೇ?

ಸೈನ್ಯವನ್ನು ಅವನು ವಿಸರ್ಜಿಸಿದ ಎನ್ನಲು ಆಧಾರವಿಲ್ಲ. ಕಳಿಂಗದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸಾಗಿಸಲಾಯಿತು ಎಂದು ಪಶ್ಚಾತ್ತಾಪಪಡುವ ಶಾಸನದಲ್ಲೇ, ಪಶ್ಚಾತ್ತಾಪವಿದ್ದರೂ ದಂಡಿಸುವ ಶಕ್ತಿ ತನಗಿದೆ ಎಂದು ಕಾಡಿನವರಿಗೆ ನೆನಪಿಸುತ್ತಾನೆ. ಆ ಪಶ್ಚಾತ್ತಾಪದ ಪಾಠವನ್ನು ಕಳಿಂಗದಲ್ಲೇ ಕೆತ್ತಿಸಲಿಲ್ಲ ಎಂಬುದನ್ನೂ ನೋಡಿ. ಅಲ್ಲಿ ಅದರ ಜಾಗದಲ್ಲಿರುವುದು ಅಧಿಕಾರಿಗಳಿಗೆ ಬರೆದ ಪ್ರತ್ಯೇಕ ಶಾಸನಗಳು.

ಕೊನೆಯ ಅರಸ ಬೃಹದ್ರಥನನ್ನು ಕೊಂದವನು ಅವನದೇ ಸೇನಾಪತಿ ಪುಷ್ಯಮಿತ್ರ, ಅದೂ ಸೇನೆಯ ಕವಾಯತಿನ ನೆಪದಲ್ಲಿ ಎಂದು ಬಾಣನ ಹರ್ಷಚರಿತೆ ಹೇಳುತ್ತದೆ. ಸೈನ್ಯವೇ ಇಲ್ಲದಿದ್ದರೆ ಕವಾಯತೆಲ್ಲಿ? ಪ್ರಾಂತಗಳು ತಮ್ಮ ದಾರಿ ತಾವು ಹಿಡಿದದ್ದು, ವಾಯವ್ಯದಿಂದ ಬ್ಯಾಕ್ಟ್ರಿಯಾದ ಗ್ರೀಕರು ನುಗ್ಗಿದ್ದು, ಉತ್ತರಾಧಿಕಾರಿಗಳು ದುರ್ಬಲರಾದದ್ದು ಇವೆಲ್ಲ ಸೇರಿದವು. ಕಚೇರಿಗಳು ಮಾತ್ರ ರಾಜವಂಶದೊಂದಿಗೆ ಅಳಿಯಲಿಲ್ಲ. ನಾಸಿಕದಲ್ಲಿ ಆರಂಭದ ಶಾತವಾಹನ ದೊರೆ ಕಣ್ಹನ ಕಾಲದ ಗುಹೆಯನ್ನು ಕೊರೆಸಿದವನು ಶ್ರಮಣರ ಉಸ್ತುವಾರಿಯ ಮಹಾಮಾತ್ರ. ಅಶೋಕನ ಶಾಸನಗಳಲ್ಲಿ ಬರುವ 'ಆಹಾರ' ಎಂಬ ಜಿಲ್ಲಾ ವಿಭಾಗ ಶಾತವಾಹನರ ದಾನಶಾಸನಗಳಲ್ಲೂ ಮುಂದುವರಿಯುತ್ತದೆ.